ಒಂಟೆಗಳಲ್ಲಿ ದಶಕಗಳಿಂದ ಇದ್ದ ಮರ್ಸ್ ವೈರಸ್ ಮನುಷ್ಯರಲ್ಲಿ 2012ರಲ್ಲಿ ಮಾತ್ರ ಕಂಡದ್ದು ಏಕೆ?

ಪ್ರಶ್ನೆ: ಸಲಾಲಾದ ಉಡುಪಿಗ

ನಾನು ಉಡುಪಿ ಜಿಲ್ಲೆಯವನು. ಕೆಲವು ವರ್ಷಗಳಿಂದ ಒಮಾನಿನ ಸಲಾಲಾದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ನಮ್ಮೂರಿನ ರಸ್ತೆಗಳಲ್ಲಿ ದನಗಳು ಅಡ್ಡ ಬರುವಷ್ಟೇ ಸಹಜವಾಗಿ ಇಲ್ಲಿ ಒಂಟೆಗಳು ಅಡ್ಡ ಬರುತ್ತವೆ, ಆಗಷ್ಟೇ ಕರೆದ ಒಂಟೆಯ ಹಾಲನ್ನು ರಸ್ತೆಬದಿಯಲ್ಲಿಯೇ ಬಟ್ಟಲಿಗೆ ಸುರಿದು ಕೊಡುವವರೂ ಇದ್ದಾರೆ. ಊರಿನಿಂದ ಬಂದಿದ್ದ ಸಂಬಂಧಿಕರೊಬ್ಬರು ಆ ಹಾಲನ್ನು ಕುಡಿಯಲು ಹಿಂಜರಿದು ಮರ್ಸ್ ರೋಗದ (ಕೊರೊನಾವೈರಸ್ ಒಂದರಿಂದ ಬರುವ ಉಸಿರಾಟದ ಕಾಯಿಲೆ) ಬಗ್ಗೆ ಕೇಳಿದಾಗ ನನ್ನಿಂದ ಸರಿಯಾದ ಉತ್ತರ ಕೊಡಲಾಗಲಿಲ್ಲ. ಅಂದಿನಿಂದ ಈ ವಿಷಯವನ್ನು ಓದುತ್ತಿದ್ದೇನೆ, ಆದರೆ ಓದಿದಷ್ಟೂ ಗೊಂದಲ ಹೆಚ್ಚಾಗಿದೆ.

2013ರಲ್ಲಿ ಒಮಾನಿನ 50 ನಿವೃತ್ತ ಓಟದ ಒಂಟೆಗಳ ರಕ್ತ ಪರೀಕ್ಷಿಸಿದಾಗ ಐವತ್ತರಲ್ಲಿಯೂ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು, ಅಂದರೆ ಹಿಂದೆ ಸೋಂಕು ತಗಲಿದ್ದರ ಗುರುತು, ಸಿಕ್ಕಿದವಂತೆ. ಸೊಮಾಲಿಯಾ ಮತ್ತು ಸುಡಾನಿನ ಒಂಟೆಗಳಿಂದ 1983ರಲ್ಲಿ ತೆಗೆದು ಶೇಖರಿಸಿಟ್ಟಿದ್ದ ರಕ್ತಸಾರದಲ್ಲಿಯೂ ಅವು ಸಿಕ್ಕಿವೆ. ಹಾಗಿದ್ದ ಮೇಲೆ ಮೂವತ್ತು ವರ್ಷ ಒಂಟೆಗಳಲ್ಲಿಯೇ ಇದ್ದ ವೈರಸ್ಸಿನ ಜೀನುಗಳಲ್ಲಿ 2012ರ ಹೊತ್ತಿಗೆ ಏನು ಬದಲಾಯಿತು? ಎರಡನೆಯದಾಗಿ, ಜಗತ್ತಿನ ಬಹುಪಾಲು ಒಂಟೆಗಳು ಇರುವುದು ಆಫ್ರಿಕಾದಲ್ಲಿ, ಆದರೆ ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ಅರೇಬಿಯಾದವರು ಅಥವಾ ಅಲ್ಲಿಂದ ಸೋಂಕು ಪಡೆದವರು. ಇದು ಹೇಗೆ? ವಿಷಯ ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಪಾಠಾಂತರ

ನಾನು ವೈರಸ್ಸುಗಳ ಜೀನೋಮ್ (ಜೀನುಗಳ ಇಡೀ ಬರಹ) ದತ್ತಾಂಶದ ಮೇಲೆ ಕೆಲಸ ಮಾಡುವವಳು. ನಿಮ್ಮ ಮೊದಲ ಪ್ರಶ್ನೆಯೊಳಗೆ ಒಂದು ಊಹೆ ಸೇರಿಕೊಂಡಿದೆ, ಮೊದಲು ಅದನ್ನು ಬಿಡಿಸಬೇಕು. ರೋಗ ಪತ್ತೆಯಾದ ವರ್ಷ ಬೇರೆ, ರೋಗ ಶುರುವಾದ ವರ್ಷ ಬೇರೆ. 2012ರ ಜೂನ್ ತಿಂಗಳಲ್ಲಿ ಜೆಡ್ಡಾದ ಆಸ್ಪತ್ರೆಗೆ ನ್ಯುಮೋನಿಯಾದಿಂದ ದಾಖಲಾದ 60 ವರ್ಷದ ರೋಗಿಯೊಬ್ಬರ ಕಫದಲ್ಲಿ, ಸಾಮಾನ್ಯ ಪರೀಕ್ಷೆಗಳಿಗೆ ಸಿಗದ ಏನೋ ಇದೆ ಎಂದು ಅಲ್ಲಿನ ಈಜಿಪ್ಟ್ ಮೂಲದ ವೈರಾಣು ತಜ್ಞ ಅಲಿ ಮೊಹಮದ್ ಜಕಿ ಅವರಿಗೆ ಅನಿಸಿತು. ಅವರು ಅದನ್ನು ನೆದರ್ಲೆಂಡ್ಸಿನ ರಾಟರ್‌ಡ್ಯಾಮಿಗೆ ಕಳುಹಿಸಿದ್ದರಿಂದ ಹೊಸ ಕೊರೊನಾವೈರಸ್ ಒಂದು ಬೆಳಕಿಗೆ ಬಂತು. ಆ ಬಳಿಕ ಹಿಂತಿರುಗಿ ನೋಡಿದಾಗ, ಜೋರ್ಡಾನಿನ ಜರ್ಕಾ ಪಟ್ಟಣದ ಆಸ್ಪತ್ರೆಯಲ್ಲಿ ಅದೇ ವರ್ಷದ ಏಪ್ರಿಲಿನಲ್ಲಿ ಹಲವರಿಗೆ ಬಂದಿದ್ದ ಕಾಯಿಲೆಯೂ ಇದೇ ಎಂದು ಗೊತ್ತಾಯಿತು. ವಯಸ್ಸಾದ, ಸಕ್ಕರೆ ಕಾಯಿಲೆಯಿರುವ ಒಬ್ಬ ವ್ಯಕ್ತಿ ನ್ಯುಮೋನಿಯಾದಿಂದ ತೀರಿಕೊಂಡರೆ ಯಾರೂ ಹೊಸ ವೈರಸ್ಸನ್ನು ಹುಡುಕುವುದಿಲ್ಲ. ಜಕಿ ಅವರು ಆ ಒಂದು ಮಾದರಿಯನ್ನು ಕೈಬಿಟ್ಟಿದ್ದರೆ ಈ ಚರಿತ್ರೆಯ ಮೊದಲ ವರ್ಷವೇ ಬೇರೆಯಾಗುತ್ತಿತ್ತು. 2012ಕ್ಕೆ ಮುಂಚೆಯೂ ಅಲ್ಲೊಬ್ಬರು ಇಲ್ಲೊಬ್ಬರು ಸೋಂಕಿಗೆ ಒಳಗಾಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಜೀನುಗಳ ವಿಷಯ. ಈ ವೈರಸ್ಸಿನ ಜೀನೋಮ್ ಸುಮಾರು 30,000 ಅಕ್ಷರಗಳ ಒಂದೇ ಆರ್‌ಎನ್‌ಎ ಎಳೆ. ಪ್ರತಿ ತೆಗೆಯುವಾಗ ಆಗುವ ತಪ್ಪುಗಳನ್ನು ತಿದ್ದುವ ಕಿಣ್ವವೊಂದು ಕೊರೊನಾವೈರಸ್ಸುಗಳಲ್ಲಿ ಇರುವುದರಿಂದ, ಇತರ ಆರ್‌ಎನ್‌ಎ ವೈರಸ್ಸುಗಳ ಪ್ರತಿಗಳಲ್ಲಿ ನುಸುಳುವಷ್ಟು ತಪ್ಪುಗಳು ಇವುಗಳಲ್ಲಿ ನುಸುಳುವುದಿಲ್ಲ. ಆದರೂ ವರ್ಷಕ್ಕೆ ಸಾವಿರ ಅಕ್ಷರಗಳಲ್ಲಿ ಸರಿಸುಮಾರು ಒಂದು ಬದಲಾಗುತ್ತದೆ. ಅಂದರೆ ಇಡೀ ಜೀನೋಮಿನಲ್ಲಿ ವರ್ಷಕ್ಕೆ ಮೂವತ್ತರ ಆಸುಪಾಸು. ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಂದೇ ತಪ್ಪು ಯಾವ ಯಾವ ಪ್ರತಿಗಳಲ್ಲಿ ಮರುಕಳಿಸಿದೆ ಎಂದು ನೋಡಿ, ಯಾವುದು ಯಾವುದರಿಂದ ನಕಲಾಯಿತೆಂದು ನಿರ್ಧರಿಸುತ್ತಾರಲ್ಲ, ನಾವು ವೈರಸ್ಸಿನ ವಂಶವೃಕ್ಷವನ್ನು ಕಟ್ಟುವುದೂ ಅದೇ ತರ್ಕದಿಂದ. ಒಂದು ವ್ಯತ್ಯಾಸವೆಂದರೆ, ಇಲ್ಲಿ ತಪ್ಪುಗಳು ಹೆಚ್ಚುಕಡಿಮೆ ಸಮವೇಗದಲ್ಲಿ ಸೇರುತ್ತಾ ಹೋಗುವುದರಿಂದ ಕಾಲವನ್ನೂ ಲೆಕ್ಕ ಹಾಕಬಹುದು.

ಹಾಗೆ ಲೆಕ್ಕ ಹಾಕಿದಾಗ, ಅರೇಬಿಯಾದಲ್ಲಿ ಸಿಕ್ಕ ಮರ್ಸ್ ಜೀನೋಮ್‌ಗಳೆಲ್ಲಕ್ಕೂ ಸಮಾನ ಪೂರ್ವಜ ಇದ್ದದ್ದು 2012ಕ್ಕೆ ಕೆಲವೇ ವರ್ಷಗಳ ಹಿಂದೆ ಎಂದು ಬರುತ್ತದೆ. ಇದನ್ನು ಓದಿದವರು ವೈರಸ್ಸೇ ಹೊಸದಾಗಿ ಹುಟ್ಟಿತೆಂದು ತಿಳಿಯುವುದುಂಟು, ನಿಮ್ಮ ಗೊಂದಲದ ಮೂಲವೂ ಬಹುಶಃ ಇಲ್ಲಿದೆ. ಸಮಾನ ಪೂರ್ವಜನ ವಯಸ್ಸು ವೈರಸ್ಸಿನ ವಯಸ್ಸಲ್ಲ. ಒಂಟೆಗಳಲ್ಲಿ ಹಳೆಯ ಕವಲುಗಳು ನಿರಂತರವಾಗಿ ಅಳಿಯುತ್ತಾ, ಉಳಿದ ಒಂದೆರಡು ಕವಲುಗಳು ಮತ್ತೆ ಹರಡಿಕೊಳ್ಳುತ್ತಾ ಇರುತ್ತವೆ. ಒಂದು ಊರಿನಲ್ಲಿ ಇಂದಿರುವ ಮನೆತನಗಳೆಲ್ಲ ನಾಲ್ಕು ತಲೆಮಾರಿನ ಹಿಂದಿನ ಒಬ್ಬನಿಗೇ ಹೋಗಿ ಸೇರುತ್ತವೆ ಎಂದಾದರೂ ಆ ಊರು ನಾಲ್ಕೇ ತಲೆಮಾರಿನದು ಎಂದಾಗುವುದಿಲ್ಲ. 1983ರ ರಕ್ತಸಾರದಲ್ಲಿ ಗುರುತು ಬಿಟ್ಟುಹೋದದ್ದು ಇಂದು ಸಂತತಿ ಉಳಿಯದ ಕವಲುಗಳಾಗಿರಬಹುದು.

ಮನುಷ್ಯನ ಪಾತ್ರವೇನು ಎಂಬುದಕ್ಕೆ 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ಮನುಷ್ಯರಿಂದ ಪಡೆದ 174 ಮತ್ತು ಒಂಟೆಗಳಿಂದ ಪಡೆದ 100 ಜೀನೋಮ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ವೃಕ್ಷದ ಕಾಂಡ ಮತ್ತು ದೊಡ್ಡ ಕೊಂಬೆಗಳೆಲ್ಲವೂ ಒಂಟೆಗಳಲ್ಲಿಯೇ ಇವೆ, ಮನುಷ್ಯರ ವೈರಸ್ಸುಗಳು ಕೊಂಬೆಗಳ ತುದಿಯ ಚಿಗುರುಗಳಂತೆ ಅಲ್ಲಲ್ಲಿ ಹೊರಟು ಅಲ್ಲಿಯೇ ನಿಂತುಹೋಗಿವೆ. ನೂರಾರು ಬಾರಿ ವೈರಸ್ ಒಂಟೆಯಿಂದ ಮನುಷ್ಯನಿಗೆ ದಾಟಿದೆ, ಆದರೆ ಒಮ್ಮೆಯೂ ನಮ್ಮಲ್ಲಿ ನೆಲೆ ನಿಂತಿಲ್ಲ. ಹಾಗಾಗಿ 2012ರಲ್ಲಿ ಮನುಷ್ಯರಿಗೆ ಒಗ್ಗಿದ ಹೊಸ ವೈರಸ್ ಒಂದು ಹುಟ್ಟಿತು ಎನ್ನಲು ಜೀನೋಮ್‌ಗಳು ಆಧಾರ ಕೊಡುವುದಿಲ್ಲ. ಇದರ ವಿಕಾಸದ ಕಥೆ ಒಂಟೆಯ ಮೂಗಿನೊಳಗೆ ನಡೆಯುವ ಕಥೆ.

ಉತ್ತರ 2: ಗೋಶಾಲೆ ವೈದ್ಯ

ಮೇಲಿನ ಉತ್ತರದ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ. ನಾನು ಪಶುವೈದ್ಯ, ಕೊಲ್ಲಿ ರಾಷ್ಟ್ರವೊಂದರಲ್ಲಿ ಹತ್ತು ವರ್ಷ ಒಂಟೆಗಳಿಗೆ ಚಿಕಿತ್ಸೆ ಮಾಡಿ ಊರಿಗೆ ಮರಳಿದವನು.

ಒಂಟೆಗೆ ಮರ್ಸ್ ಎಂಬುದು ಒಂದು ನೆಗಡಿ. ಪ್ರಯೋಗದಲ್ಲಿ ಸೋಂಕು ಕೊಟ್ಟ ಒಂಟೆಗಳ ಮೂಗು ಸೋರಿತು, ತುಸು ಮೈ ಬಿಸಿಯಾಯಿತು, ಅಷ್ಟೇ. ಆದರೆ ಸುಮಾರು ಒಂದು ವಾರ ಅವುಗಳ ಮೂಗಿನಿಂದ ಜೀವಂತ ವೈರಸ್ ಹೇರಳವಾಗಿ ಹೊರಬಂತು. ವೈರಸ್ ಜೀವಕೋಶವನ್ನು ಹೊಗಲು ಹಿಡಿಯುವ ಡಿಪಿಪಿ4 ಎಂಬ ಗ್ರಾಹಕ ಪ್ರೋಟೀನು ಒಂಟೆಯ ಮೂಗಿನ ಒಳಪದರದಲ್ಲಿ ಧಾರಾಳವಾಗಿದೆ. ಮನುಷ್ಯನಲ್ಲಿ ಅದು ಮುಖ್ಯವಾಗಿ ಶ್ವಾಸಕೋಶದ ಆಳದಲ್ಲಿದೆ. ಆದ್ದರಿಂದ ಅದೇ ವೈರಸ್ ಅಲ್ಲಿ ನೆಗಡಿಯಾಗಿ ಸುಲಭವಾಗಿ ಹರಡುತ್ತದೆ, ಇಲ್ಲಿ ಕಷ್ಟಪಟ್ಟು ತಗಲುತ್ತದೆ, ತಗಲಿದರೆ ನ್ಯುಮೋನಿಯಾ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಸುಮಾರು 2,600 ರೋಗಿಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ತೀರಿಕೊಂಡಿದ್ದಾರೆ, ಲಘುವಾಗಿ ಬಂದು ಹೋದ ಸೋಂಕುಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಒಂಟೆಮರಿಗಳ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ವೈರಸ್ಸಿನ ವಿಕಾಸಕ್ಕೆ ಹೊಲ ಉಳುವವರು ಅವುಗಳೇ. ಚಳಿಗಾಲದಲ್ಲಿ ಹುಟ್ಟಿದ ಮರಿಗೆ ತಾಯಿಯ ಗಿಣ್ಣುಹಾಲಿನಿಂದ ಪ್ರತಿಕಾಯಗಳು ಸಿಗುತ್ತವೆ. ಕೆಲವು ತಿಂಗಳಲ್ಲಿ ಅವು ಕರಗಿಹೋದ ಮೇಲೆ ಮರಿಗಳು ಒಂದರ ಹಿಂದೊಂದರಂತೆ ಸೋಂಕಿಗೆ ಒಳಗಾಗುತ್ತವೆ, ಹೀಗಾಗಿ ವೈರಸ್ ಸಿಗುವುದು ಹೆಚ್ಚಾಗಿ ಎರಡು ವರ್ಷದೊಳಗಿನ ಮರಿಗಳಲ್ಲಿ. ದೊಡ್ಡ ಒಂಟೆಗಳಲ್ಲಿ ಪ್ರತಿಕಾಯ ಇದ್ದರೂ ಮರುಸೋಂಕು ತಪ್ಪುವುದಿಲ್ಲ. ಮನುಷ್ಯರಿಗೆ ದಾಟುವಿಕೆ ಏಪ್ರಿಲಿನಿಂದ ಜುಲೈವರೆಗಿನ ಅವಧಿಯಲ್ಲಿ ಹೆಚ್ಚು ಎಂದು ಅದೇ 2018ರ ವಿಶ್ಲೇಷಣೆ ಜೀನೋಮ್‌ಗಳಿಂದಲೇ ಕಂಡುಕೊಂಡದ್ದನ್ನು ಓದಿದಾಗ, ಮರಿ ಹಾಕುವ ಕಾಲದ ಲೆಕ್ಕ ಅದಕ್ಕೆ ಹೊಂದುವುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಈ ಮರಿಗಳು ಒಂದೇ ಹಟ್ಟಿಯಲ್ಲಿ ಇರುವುದಿಲ್ಲ. ಬೇರೆ ಬೇರೆ ಕಡೆಯ ಹಿಂಡುಗಳು ಸಂತೆಯಲ್ಲಿ ಕಲೆಯುತ್ತವೆ, ಲಾರಿಯಲ್ಲಿ ಒಟ್ಟಿಗೆ ಸಾಗುತ್ತವೆ, ಓಟದ ಋತುವಿನಲ್ಲಿ ನೂರಾರು ಮೈಲಿ ದೂರದವು ಒಂದೆಡೆ ಸೇರುತ್ತವೆ. ಇಲ್ಲಿಯೇ ಬರುವುದು ಮರುಸಂಯೋಜನೆ. ಹಿಂದಿನವರ ಓಲೆಪ್ರತಿಯ ಹೋಲಿಕೆಯನ್ನೇ ಎತ್ತಿಕೊಂಡರೆ, ಲಿಪಿಕಾರನ ಮುಂದೆ ಒಂದೇ ಕಾವ್ಯದ ಎರಡು ಪ್ರತಿಗಳಿದ್ದು, ಅವನು ಅರ್ಧದವರೆಗೆ ಒಂದನ್ನು ನೋಡಿ ಬರೆದು ಉಳಿದರ್ಧಕ್ಕೆ ಇನ್ನೊಂದನ್ನು ನೋಡಿದ ಹಾಗೆ. ಒಂದೇ ಒಂಟೆಯ ಒಂದೇ ಜೀವಕೋಶಕ್ಕೆ ಎರಡು ಕವಲಿನ ವೈರಸ್ ಹೊಕ್ಕಾಗ, ನಕಲು ಮಾಡುವ ಕಿಣ್ವ ಒಂದು ಎಳೆಯಿಂದ ಇನ್ನೊಂದಕ್ಕೆ ಹಾರಿ ಮಿಶ್ರ ಜೀನೋಮನ್ನು ಬರೆಯುತ್ತದೆ. ಒಂದೊಂದೇ ಅಕ್ಷರ ಬದಲಾಗುತ್ತಾ ವರ್ಷಗಟ್ಟಲೆ ಹಿಡಿಯುವ ಬದಲಾವಣೆ ಒಂದೇ ಹಾರಿನಲ್ಲಿ ಆಗಿಬಿಡುತ್ತದೆ.

ಇದು ಬರಿಯ ಸಾಧ್ಯತೆಯ ಮಾತಲ್ಲ. ಸೌದಿ ಅರೇಬಿಯಾದಲ್ಲಿ 1,309 ಒಂಟೆಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರ್ಸ್ ಅಲ್ಲದೆ ಇನ್ನೂ ಎರಡು ಪ್ರಭೇದದ ಕೊರೊನಾವೈರಸ್ಸುಗಳು ಅದೇ ಹಿಂಡುಗಳಲ್ಲಿ ಸುತ್ತುತ್ತಿರುವುದು ಕಂಡಿತು, ಮತ್ತು ಒಂದೇ ಒಂಟೆಯಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಸಿಗುವುದು ಅಪರೂಪವಾಗಿರಲಿಲ್ಲ. ಮರ್ಸ್ ವೈರಸ್ಸಿನ ಕವಲುಗಳಲ್ಲಿ ಐದನೆಯದೆಂದು ಗುರುತಿಸಲಾದದ್ದು ಹಿಂದಿನ ಕವಲುಗಳ ಮರುಸಂಯೋಜನೆಯಿಂದ ಹುಟ್ಟಿದ್ದು, ಅದು 2014ರ ಡಿಸೆಂಬರಿನಿಂದ ಉಳಿದವುಗಳನ್ನು ಬದಿಗೆ ಸರಿಸಿ ಪ್ರಬಲವಾಯಿತು. ಮರುವರ್ಷ ಮನುಷ್ಯರಲ್ಲಿ ಹಬ್ಬಿದ್ದು ಅದೇ ಕವಲು. ಮುಂದೆ ಪ್ರಯೋಗಾಲಯದಲ್ಲಿ ಹೋಲಿಸಿದಾಗ ಹಳೆಯ ಕವಲುಗಳಿಗಿಂತ ಅದು ಮನುಷ್ಯನ ಜೀವಕೋಶಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ ಎಂದೂ ತಿಳಿಯಿತು. ಆದ್ದರಿಂದ ವೈರಸ್ ಬದಲಾಗಲೇ ಇಲ್ಲ ಎಂಬ ಅರ್ಥ ಬರುವಂತೆ ಮೇಲಿನ ಉತ್ತರವನ್ನು ಓದಬಾರದು. ಬದಲಾಗಿದೆ, ಆದರೆ 2012ರ ಒಂದು ಗಳಿಗೆಯಲ್ಲಿ ಅಲ್ಲ, ನಮ್ಮ ಸಲುವಾಗಿಯೂ ಅಲ್ಲ.

ಉತ್ತರ 3: ಬಯಲುಸೀಮೆ

ಆಫ್ರಿಕಾದ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಅರ್ಥಪೂರ್ಣವಾದ ಪ್ರಶ್ನೆ ಅದೇ.

ಒಂಟೆಗಳ ವ್ಯಾಪಾರಕ್ಕೆ ಒಂದು ದಿಕ್ಕಿದೆ. ಸೊಮಾಲಿಯಾ, ಇಥಿಯೋಪಿಯಾ, ಸುಡಾನ್ ಮೊದಲಾದ ದೇಶಗಳಿಂದ ಮಾಂಸಕ್ಕಾಗಿ ಒಂಟೆಗಳು ಬರ್ಬೆರಾ, ಜಿಬೂಟಿಯಂತಹ ಬಂದರುಗಳ ಮೂಲಕ ಹಡಗಿನಲ್ಲಿ ಕೆಂಪು ಸಮುದ್ರ ದಾಟಿ ಅರೇಬಿಯಾಕ್ಕೆ ಹೋಗುತ್ತವೆ. ಹಿಂತಿರುಗಿ ಆಫ್ರಿಕಾಕ್ಕೆ ಬರುವುದಿಲ್ಲ. ಈ ಏಕಮುಖ ಸಂಚಾರ ವಂಶವೃಕ್ಷದಲ್ಲಿ ಅಚ್ಚೊತ್ತಿದಂತೆ ಕಾಣುತ್ತದೆ. ಮರ್ಸ್ ವೈರಸ್ಸನ್ನು ಎ, ಬಿ, ಸಿ ಎಂಬ ಮೂರು ದೊಡ್ಡ ಶಾಖೆಗಳಾಗಿ ವಿಂಗಡಿಸಿದ್ದಾರೆ. ಎ ಮತ್ತು ಬಿ ಅರೇಬಿಯಾದವು, ರೋಗಿಗಳಲ್ಲಿ ಸಿಕ್ಕಿದವು ಬಹುತೇಕ ಅವೇ. ಆಫ್ರಿಕಾದ ಒಂಟೆಗಳಲ್ಲಿ ಈಜಿಪ್ಟಿನಿಂದ ಕೀನ್ಯಾದವರೆಗೆ, ಮೊರಾಕ್ಕೊದಿಂದ ನೈಜೀರಿಯಾದವರೆಗೆ ಸಿಗುವುದು ಸಿ ಶಾಖೆ.

ಸಿ ಶಾಖೆಯೊಳಗೂ ಪಶ್ಚಿಮ ಆಫ್ರಿಕಾದ ವೈರಸ್ಸುಗಳು ಪ್ರತ್ಯೇಕವಾದ ಉಪಶಾಖೆಯಾಗಿವೆ. ಬುರ್ಕಿನಾ ಫಾಸೊ ಮತ್ತು ನೈಜೀರಿಯಾದ ಒಂಟೆಗಳಿಂದ ಬಂದ ವೈರಸ್ಸುಗಳಲ್ಲಿ 4ಬಿ ಎಂಬ ಸಣ್ಣ ಜೀನಿನ ಒಂದು ತುಂಡೇ ಕಳಚಿಹೋಗಿದೆ. ಆ ಜೀನು ತಯಾರಿಸುವ ಪ್ರೋಟೀನು, ಸೋಂಕಾದ ಜೀವಕೋಶ ಎಬ್ಬಿಸುವ ಇಂಟರ್‌ಫೆರಾನ್ ಎಚ್ಚರಿಕೆಯನ್ನು ಅದುಮಿಡಲು ವೈರಸ್ಸಿಗೆ ನೆರವಾಗುವಂಥದ್ದು. 2018ರಲ್ಲಿ ಈ ವೈರಸ್ಸುಗಳನ್ನು ಮನುಷ್ಯನ ಶ್ವಾಸಕೋಶದ ಅಂಗಾಂಶದಲ್ಲಿ ಬೆಳೆಸಿ ನೋಡಿದಾಗ ಅರೇಬಿಯಾದವುಗಳಿಗಿಂತ ಅವು ಸ್ಪಷ್ಟವಾಗಿ ಕಡಿಮೆ ಬೆಳೆದವು, ಇಲಿಗಳಲ್ಲಿಯೂ ಹಾಗೆಯೇ ಆಯಿತು. ಆದರೆ ಇಡೀ ಉತ್ತರವನ್ನು ಆ ಒಂದು ಜೀನಿನ ತಲೆಗೆ ಕಟ್ಟುವುದು ಸರಿಯಲ್ಲ. ಆ ಜೀನು ಸಂಪೂರ್ಣವಾಗಿರುವ ಪೂರ್ವ ಆಫ್ರಿಕಾದ ಸಿ ವೈರಸ್ಸುಗಳೂ ಮನುಷ್ಯನ ಅಂಗಾಂಶದಲ್ಲಿ ಹಿಂದೆಯೇ ಉಳಿಯುತ್ತವೆ. ಜೀವಕೋಶವನ್ನು ಹೊಗುವ ಹಂತದಲ್ಲಿಯೇ, ಗ್ರಾಹಕವನ್ನು ಹಿಡಿಯುವ ವೈರಸ್ಸಿನ ಮೇಲ್ಮೈಯ ಮುಳ್ಳಾದ ಸ್ಪೈಕ್ ಪ್ರೋಟೀನಿನ ವ್ಯತ್ಯಾಸದಿಂದಾಗಿ, ಅವು ಹಿನ್ನಡೆ ಅನುಭವಿಸುತ್ತವೆ ಎಂಬುದಕ್ಕೆ ಪುರಾವೆಗಳಿವೆ.

ಇದರಿಂದ ಆಫ್ರಿಕಾದ ವೈರಸ್ ಮನುಷ್ಯರಿಗೆ ತಗಲುವುದೇ ಇಲ್ಲ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ನೈಜೀರಿಯಾದ ಕಾನೊ ನಗರದಲ್ಲಿ ಒಂಟೆ ಕಡಿಯುವ ಕಸಾಯಿಖಾನೆಯ ಕೆಲಸಗಾರರ ರಕ್ತದಲ್ಲಿ ಪ್ರತಿಕಾಯ ಸಿಗಲಿಲ್ಲ. ಆದರೆ ಮುಂದೆ ಸೋಂಕನ್ನು ನೆನಪಿಟ್ಟುಕೊಳ್ಳುವ ಬಿಳಿ ರಕ್ತಕಣಗಳಾದ ಟಿ-ಕಣಗಳ ನೆನಪನ್ನು ಪರೀಕ್ಷಿಸಿದಾಗ ಸುಮಾರು 30 ಪ್ರತಿಶತ ಮಂದಿಯಲ್ಲಿ ಸೋಂಕಿನ ಗುರುತು ಸಿಕ್ಕಿತು. ಲಘುವಾಗಿ ಬಂದು, ಪ್ರತಿಕಾಯವನ್ನೂ ಉಳಿಸದೆ ಹೋದ ಸೋಂಕು ಅದು. ಸೌದಿಯಲ್ಲಿಯೂ ಸಾಮಾನ್ಯ ಜನರಿಗೆ ಹೋಲಿಸಿದರೆ ಒಂಟೆ ಕಾಯುವವರಲ್ಲಿ 15 ಪಟ್ಟು, ಕಸಾಯಿಖಾನೆಯವರಲ್ಲಿ 23 ಪಟ್ಟು ಹೆಚ್ಚು ಪ್ರತಿಕಾಯ ಸಿಕ್ಕಿತ್ತು. ದೂರದ ಹಳ್ಳಿಯ ದನಗಾಹಿಯ ಜ್ವರವನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸುವುದಿಲ್ಲ ಎಂಬುದೂ ಆಫ್ರಿಕಾದ ಮೌನಕ್ಕೆ ಒಂದು ಕಾರಣ. ಅದನ್ನು ವೈರಸ್ಸಿನ ಸ್ವಭಾವದ ಲೆಕ್ಕಕ್ಕೆ ಬರೆದುಕೊಳ್ಳುವುದು ಆ ಜನರಿಗೆ ಮಾಡುವ ಅನ್ಯಾಯ.

ಸಲಾಲಾದ ಉಡುಪಿಗ ಮತ್ತೆ ಕೇಳಿದ್ದು

ಮೂವರಿಗೂ ಕೃತಜ್ಞತೆಗಳು. ಪೂರ್ವಜನ ವಯಸ್ಸು ಮತ್ತು ವೈರಸ್ಸಿನ ವಯಸ್ಸಿನ ವ್ಯತ್ಯಾಸ ಈಗ ಸ್ಪಷ್ಟವಾಯಿತು. ಎರಡು ವಿಷಯಗಳು ಉಳಿದಿವೆ. ಮೂಲದಲ್ಲಿ ಇದು ಬಾವಲಿಯ ವೈರಸ್ ಎಂದು ಓದಿದ್ದೇನೆ; ಹಾಗಿದ್ದರೆ ಒಂಟೆ ಮಧ್ಯವರ್ತಿ ಮಾತ್ರವೇ? ಮತ್ತು ದಕ್ಷಿಣ ಕೊರಿಯಾದಲ್ಲಿ 2015ರಲ್ಲಿ ಅಷ್ಟು ಜನರಿಗೆ ಹರಡಿದಾಗ, ಒಂಟೆ ಸಾಕಣೆಯೇ ಇಲ್ಲದ ಆ ದೇಶದಲ್ಲಿ ವೈರಸ್ ಮನುಷ್ಯರಿಗೆ ಒಗ್ಗಿಕೊಂಡಿತ್ತಲ್ಲವೇ?

ಉತ್ತರ 4: ಪಾಠಾಂತರ

ಕೊರಿಯಾದ್ದನ್ನು ಮೊದಲು ಹೇಳುತ್ತೇನೆ. ಕೊಲ್ಲಿ ದೇಶಗಳಲ್ಲಿ ಸಂಚರಿಸಿ ಮರಳಿದ ಒಬ್ಬ ಪ್ರಯಾಣಿಕನಿಂದ ಆರಂಭವಾಗಿ, ಚೀನಾಕ್ಕೆ ಹೋದ ಒಬ್ಬರೂ ಸೇರಿದಂತೆ 186 ಮಂದಿಗೆ ಸೋಂಕು ತಗಲಿತು, 38 ಮಂದಿ ಸತ್ತರು. ಆದರೆ ಅಲ್ಲಿ ವೈರಸ್ಸಿಗೆ ದಾರಿ ಮಾಡಿಕೊಟ್ಟದ್ದು ಕಿಕ್ಕಿರಿದ ತುರ್ತುಚಿಕಿತ್ಸಾ ವಿಭಾಗಗಳು ಮತ್ತು ರೋಗಿಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಾಡಿದ್ದು. ಜೀನೋಮ್‌ಗಳನ್ನು ನೋಡಿದರೆ ನಿರೀಕ್ಷೆಗೆ ವಿರುದ್ಧವಾದದ್ದು ಕಾಣುತ್ತದೆ: ಬಹುಪಾಲು ರೋಗಿಗಳ ವೈರಸ್ಸಿನಲ್ಲಿ ಸ್ಪೈಕ್ ಪ್ರೋಟೀನಿನ 529ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿತ್ತು, ಆ ಬದಲಾವಣೆಯಿಂದ ಡಿಪಿಪಿ4 ಮೇಲಿನ ಹಿಡಿತ ಹೆಚ್ಚಲಿಲ್ಲ, ಸಡಿಲವಾಯಿತು. ಹರಡುವುದು ಮತ್ತು ಒಗ್ಗುವುದು ಒಂದೇ ಅಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಬಾವಲಿಯ ವಿಷಯದಲ್ಲಿ, ದೂರದ ಸಂಬಂಧವಂತೂ ನಿಜ. ದಕ್ಷಿಣ ಆಫ್ರಿಕಾದ ಬಾವಲಿಯೊಂದರಲ್ಲಿ ಸಿಕ್ಕ ನಿಯೋಕೋವ್ ಎಂಬ ವೈರಸ್ಸಿನ ಜೀನೋಮ್ ಬಹುಭಾಗ ಮರ್ಸ್‌ಗೆ ಅತ್ಯಂತ ಹತ್ತಿರವಾಗಿದ್ದರೂ ಸ್ಪೈಕ್‌ನ ಮುಂಭಾಗ ಮಾತ್ರ ತೀರಾ ಬೇರೆ. 2022ರಲ್ಲಿ ಗೊತ್ತಾದಂತೆ ಅದು ಹಿಡಿಯುವ ಗ್ರಾಹಕ ಡಿಪಿಪಿ4 ಅಲ್ಲ, ಬಾವಲಿಗಳ ಎಸಿಇ2. ಅಂದರೆ ಮರ್ಸ್‌ನ ಪೂರ್ವಜನು ಎಲ್ಲಿಯೋ, ಯಾವಾಗಲೋ ಮರುಸಂಯೋಜನೆಯಿಂದ ಬೇರೊಂದು ಸ್ಪೈಕನ್ನು ಪಡೆದಿರಬೇಕು. ಆದರೆ ಇಂದಿನ ರೋಗದ ಮಟ್ಟಿಗೆ ಒಂಟೆಯನ್ನು ಮಧ್ಯವರ್ತಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬಾವಲಿಯ ಸಹಾಯವಿಲ್ಲದೆ ದಶಕಗಳಿಂದ ವೈರಸ್ ಒಂಟೆಗಳಲ್ಲಿಯೇ ಉಳಿದು, ಕವಲೊಡೆದು, ಬೆರೆತು ಬೆಳೆಯುತ್ತಿದೆ; ಒಂಟೆಯೇ ಅದರ ತವರು.

ಈ ದಾರಿಯಲ್ಲಿ ಹಿಂದೆ ಒಂದು ವೈರಸ್ ನಡೆದುಬಂದಿರುವ ಸಾಧ್ಯತೆಯೂ ಇದೆ. 1960ರ ದಶಕದಿಂದ ಪರಿಚಿತವಾದ, ನಮಗೆಲ್ಲ ಸಾಧಾರಣ ನೆಗಡಿ ತರುವ 229ಇ ಎಂಬ ಕೊರೊನಾವೈರಸ್ಸಿನ ಅತಿ ಸಮೀಪದ ಬಂಧುಗಳು ಒಂಟೆಗಳಲ್ಲಿ ಸಿಕ್ಕಿವೆ, ಗೋಶಾಲೆ ವೈದ್ಯರು ಹೇಳಿದ ಮೂರು ಪ್ರಭೇದಗಳಲ್ಲಿ ಒಂದು ಆ ಗುಂಪಿನದೇ. ಒಂಟೆಯ ವೈರಸ್ಸಿನಲ್ಲಿ ಇಡಿಯಾಗಿರುವ ಒಂದು ಸಣ್ಣ ಜೀನು ಮನುಷ್ಯನ ವೈರಸ್ಸಿನಲ್ಲಿ ಚೂರಾಗಿ ಉಳಿದಿದೆ. ಒಂದು ಕಾಲದಲ್ಲಿ ಒಂಟೆಯಿಂದ ನಮ್ಮೊಳಗೆ ದಾಟಿ ನೆಲೆನಿಂತದ್ದು ಅದು ಎಂದು ಇದರಿಂದ ಊಹಿಸಿದ್ದಾರೆ. ಆದ್ದರಿಂದ ಮರ್ಸ್ ಈವರೆಗೆ ನೆಲೆ ನಿಲ್ಲಲಿಲ್ಲ ಎಂಬುದನ್ನು ಮುಂದೆಯೂ ನಿಲ್ಲಲಾರದು ಎಂದು ನಾನು ಓದುವುದಿಲ್ಲ.

ಉತ್ತರ 5: ಗೋಶಾಲೆ ವೈದ್ಯ

ಪ್ರಶ್ನೆ ಕೇಳಿದವರ ಹಾಲಿನ ಮಾತು ಹಾಗೆಯೇ ಉಳಿದುಹೋಗಿದೆ. ಸೋಂಕು ಹರಡಿದ್ದ ಹಿಂಡುಗಳಲ್ಲಿ ಕರೆದ ಹಾಲಿನಲ್ಲಿ ವೈರಸ್ಸಿನ ಆರ್‌ಎನ್‌ಎ ಸಿಕ್ಕಿದೆ. ಕುದಿಸಿದರೆ ಅಥವಾ ಪಾಶ್ಚರೀಕರಿಸಿದರೆ ವೈರಸ್ ಉಳಿಯುವುದಿಲ್ಲ. ನಿಮ್ಮ ಸಂಬಂಧಿಕರು ಕಾಯಿಸಿದ ಹಾಲನ್ನು ನಿಶ್ಚಿಂತೆಯಿಂದ ಕುಡಿಯಬಹುದು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಮರಿಗಳ ಮೂತಿ ಸವರುವುದನ್ನೂ ಬಿಡಬೇಕು. ಮಂಗಳೂರು, ಭಟ್ಕಳ, ಉಡುಪಿಯ ಅನೇಕ ಕುಟುಂಬಗಳ ಹಿರಿಯರು ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುತ್ತಾರಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಒಂಟೆಗಳಿಗೆ ಲಸಿಕೆ ಹಾಕುವ ಪ್ರಯತ್ನಗಳೂ ನಡೆದಿವೆ. ದುರ್ಬಲಗೊಳಿಸಿದ ಸಿಡುಬು ಬಳಗದ ವೈರಸ್ಸಿನ ಮೇಲೆ ಮರ್ಸ್ ಸ್ಪೈಕನ್ನು ಹೇರಿ ತಯಾರಿಸಿದ ಲಸಿಕೆಯನ್ನು ಕೊಟ್ಟಾಗ ಒಂಟೆಯ ಮೂಗಿನಿಂದ ಹೊರಬರುವ ವೈರಸ್ ಬಹಳಷ್ಟು ಕಡಿಮೆಯಾಯಿತೆಂದು 2016ರಲ್ಲಿ ಪ್ರಕಟವಾಯಿತು, ಜೊತೆಗೆ ಒಂಟೆಸಿಡುಬಿನ ವಿರುದ್ಧವೂ ಪ್ರತಿಕಾಯಗಳು ಬೆಳೆದವು. ಸಾಕುವವನ ದೃಷ್ಟಿಯಿಂದ ಈ ಎರಡನೆಯದೇ ಮುಖ್ಯ, ಏಕೆಂದರೆ ನೆಗಡಿಗೆ ಯಾರೂ ಹಣ ಖರ್ಚು ಮಾಡುವುದಿಲ್ಲ, ಸಿಡುಬಿಗೆ ಮಾಡುತ್ತಾರೆ. ಆದರೆ ಲಸಿಕೆ ಪಡೆದ ಒಂಟೆಯೂ ತುಸು ವೈರಸ್ಸನ್ನು ಹೊರಬಿಡುತ್ತದೆ. ಇಷ್ಟು ದೊಡ್ಡ ಹಿಂಡುಗಳಲ್ಲಿ ಅರ್ಧಂಬರ್ಧ ರೋಗನಿರೋಧವಿದ್ದಾಗ ಸ್ಪೈಕ್ ಯಾವ ಕಡೆಗೆ ಬದಲಾಗುತ್ತದೆ ಎಂಬುದನ್ನು ವರ್ಷ ವರ್ಷವೂ ಮರಿಗಳ ಮೂಗಿನಿಂದ ಮಾದರಿ ತೆಗೆದು ನೋಡುತ್ತಲೇ ಇರಬೇಕಾಗುತ್ತದೆ, ಮತ್ತು ಆ ಮಾದರಿಗಳು ಜೆಡ್ಡಾ, ದುಬೈಗಳಿಂದ ಬಂದರಷ್ಟೇ ಸಾಲದು, ಬರ್ಬೆರಾದ ಬಂದರಿನಲ್ಲಿ ಹಡಗು ಹತ್ತುವ ಒಂಟೆಗಳಿಂದಲೂ ಬರಬೇಕು.